ಹ್ಯಾರಿ ಡೀನ್ ಸ್ಟ್ಯಾಂಟನ್

ಹ್ಯಾರಿ ಡೀನ್ ಸ್ಟ್ಯಾಂಟನ್ (1926–2017) ಅಮೆರಿಕದ ಚಲನಚಿತ್ರ ಮತ್ತು ಕಿರುತೆರೆ ನಟ, ಗಾಯಕ. ಅರವತ್ತು ವರ್ಷಕ್ಕೂ ಮಿಕ್ಕ ವೃತ್ತಿಜೀವನದಲ್ಲಿ ನೂರಕ್ಕೂ ಹೆಚ್ಚು ಚಲನಚಿತ್ರಗಳಲ್ಲಿ ಕಾಣಿಸಿಕೊಂಡರು. ಬಹುಪಾಲು ಎಲ್ಲವೂ ಪೋಷಕ ಪಾತ್ರಗಳೇ: ಕೈದಿ, ದರೋಡೆಕೋರ, ಕಳ್ಳ ಪ್ರವಾದಿ, ಕುರುಡನಂತೆ ನಟಿಸುವ ಬೋಧಕ, ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ತಂದೆ. ನಾಯಕನಾಗುವ ಅವಕಾಶ ಸಿಕ್ಕಿದ್ದು ಐವತ್ತೇಳನೆಯ ವಯಸ್ಸಿನಲ್ಲಿ, 'ಪ್ಯಾರಿಸ್, ಟೆಕ್ಸಸ್' (1984) ಚಿತ್ರದಲ್ಲಿ. ಅಂಥದೇ ತೂಕದ ಇನ್ನೊಂದು ನಾಯಕ ಪಾತ್ರ 'ಲಕ್ಕಿ' (2017) ಬರುವ ಹೊತ್ತಿಗೆ ಅವರಿಗೆ ತೊಂಬತ್ತಾಗಿತ್ತು. ಒಣಗಿದ ಕೆನ್ನೆ, ಗುಳಿಬಿದ್ದ ಕಣ್ಣು, ನಿಧಾನದ ನಡಿಗೆಯ ಈ ಮನುಷ್ಯ ತೆರೆಯ ಮೇಲೆ ಬಂದರೆ ಕತೆಯ ಸುತ್ತಮುತ್ತಲಿನ ಲೋಕ ನಿಜವೆನಿಸುತ್ತಿತ್ತು. ಎದುರಿಗಿದ್ದವರ ಮಾತನ್ನು ಅವರು ಕೇಳಿಸಿಕೊಳ್ಳುತ್ತಿದ್ದ ರೀತಿಯೇ ಅದಕ್ಕೆ ಕಾರಣ. ಸಂಭಾಷಣೆ ಹೇಳುವುದರಲ್ಲಿ ಅವರನ್ನು ಮೀರಿಸಿದ ನಟರು ಬೇಕಾದಷ್ಟಿದ್ದರು. ಕೇಳಿಸಿಕೊಳ್ಳುವುದರಲ್ಲಿ ಹೆಚ್ಚು ಮಂದಿ ಇರಲಿಲ್ಲ.

ಹುಟ್ಟಿದ್ದು 1926ರ ಜುಲೈ 14ರಂದು, ಕೆಂಟಕಿ ರಾಜ್ಯದ ವೆಸ್ಟ್ ಅರ್ವಿನ್ ಎಂಬ ಸಣ್ಣ ಊರಿನಲ್ಲಿ. ತಂದೆ ಶೆರಿಡನ್ ಸ್ಟ್ಯಾಂಟನ್ ಹೊಗೆಸೊಪ್ಪು ಬೆಳೆಯುತ್ತಿದ್ದರು, ಕ್ಷೌರಿಕರಾಗಿಯೂ ದುಡಿಯುತ್ತಿದ್ದರು. ತಾಯಿ ಅರ್ಸೆಲ್. ಹ್ಯಾರಿ ಹೈಸ್ಕೂಲಿನಲ್ಲಿದ್ದಾಗ ತಂದೆತಾಯಿ ಬೇರೆಯಾದರು. ಲೆಕ್ಸಿಂಗ್ಟನ್ ನಗರದ ಲಫಾಯೆಟ್ ಹೈಸ್ಕೂಲಿನಲ್ಲಿ ಓದು ಮುಗಿಯುವ ಹೊತ್ತಿಗೆ ಎರಡನೆಯ ಮಹಾಯುದ್ಧ ನಡೆದೇ ಇತ್ತು. ಅವರು ನೌಕಾಪಡೆ ಸೇರಿ, ಟ್ಯಾಂಕುಗಳನ್ನು ದಡಕ್ಕಿಳಿಸುವ ಹಡಗೊಂದರಲ್ಲಿ ಅಡುಗೆಯವರಾದರು. 1945ರಲ್ಲಿ ಓಕಿನಾವಾ ಕದನ ನಡೆದಾಗ ಆ ಹಡಗು ಅಲ್ಲಿತ್ತು. ಜಪಾನಿನ ಆತ್ಮಾಹುತಿ ವಿಮಾನಗಳು ಅಮೆರಿಕದ ಹಡಗುಗಳ ಮೇಲೆ ಬಂದೆರಗುತ್ತಿದ್ದ ದಿನಗಳವು. ಈ ಅನುಭವ ಎಪ್ಪತ್ತು ವರ್ಷಗಳ ನಂತರ ಅವರ ಒಂದು ಪಾತ್ರದೊಳಕ್ಕೆ ನೇರವಾಗಿ ಬಂದು ಸೇರಿತು. ಆ ಮಾತು ಮುಂದೆ ಬರುತ್ತದೆ.

ಯುದ್ಧ ಮುಗಿಸಿ ಬಂದವರು ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ರೇಡಿಯೊ ಕಲೆಗೆ ಸೇರಿದರು. ಅಲ್ಲಿನ ಗಿನ್ಯೋಲ್ ರಂಗಮಂದಿರದಲ್ಲಿ ವಾಲೆಸ್ ಬ್ರಿಗ್ಸ್ ಅವರ ನಿರ್ದೇಶನದಲ್ಲಿ ಬರ್ನಾರ್ಡ್ ಷಾ ಅವರ 'ಪಿಗ್ಮೇಲಿಯನ್' ನಾಟಕದ ಡೂಲಿಟ್ಲ್ ಪಾತ್ರ ಮಾಡಿದ್ದೇ ದಾರಿ ಬದಲಿಸಿತು. ಬ್ರಿಗ್ಸ್ ಅವರ ಒತ್ತಾಸೆಯಿಂದ ಪದವಿಯನ್ನು ಅರ್ಧಕ್ಕೇ ಬಿಟ್ಟು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ಪ್ಲೇಹೌಸಿಗೆ ತರಬೇತಿಗೆ ಹೋದರು. ಬಳಿಕ ಕೆಲಕಾಲ ಪುರುಷರ ಗಾಯನ ತಂಡವೊಂದರ ಜೊತೆ ದೇಶ ಸುತ್ತಿದರು, ಮಕ್ಕಳ ನಾಟಕಗಳಲ್ಲೂ ದುಡಿದರು. ಹಾಡು ಅವರಿಗೆ ಹವ್ಯಾಸವಾಗಿ ಅಂಟಿದ್ದಲ್ಲ. ನಟನೆಯಷ್ಟೇ ಹಳೆಯದು, ಒಂದು ಲೆಕ್ಕಕ್ಕೆ ಅದಕ್ಕಿಂತ ಮೊದಲಿನದು.

ಕಿರುತೆರೆಗೆ ಬಂದದ್ದು 1954ರಲ್ಲಿ. 1957ರ 'ಟೊಮಹಾಕ್ ಟ್ರೇಲ್' ಅವರ ಆರಂಭದ ಚಿತ್ರಗಳಲ್ಲೊಂದು. ಅಮೆರಿಕದ ಮನೆಮನೆಗಳಲ್ಲಿ ಆಗ ಕುದುರೆ, ಕೋವಿ, ಷರೀಫರ ಕತೆಗಳ ಧಾರಾವಾಹಿಗಳ ಸುಗ್ಗಿ. 'ಗನ್‌ಸ್ಮೋಕ್', 'ರಾಹೈಡ್', 'ದಿ ರೈಫಲ್‌ಮನ್', 'ಬೊನಾಂಜಾ' ಮೊದಲಾದವುಗಳಲ್ಲಿ ಸ್ಟ್ಯಾಂಟನ್ ಬಂದುಹೋಗುತ್ತಿದ್ದರು. 'ಗನ್‌ಸ್ಮೋಕ್' ಒಂದರಲ್ಲೇ 1958ರಿಂದ 1968ರವರೆಗೆ ಎಂಟು ಕಂತು. ಸಾಮಾನ್ಯವಾಗಿ ಸಿಗುತ್ತಿದ್ದುದು ಕೇಡಿಗನ ಬಲಗೈ ಬಂಟನ ಕೆಲಸ. ಕಂತು ಮುಗಿಯುವ ಮೊದಲೇ ಗುಂಡು ತಿಂದು ಬೀಳುವವನು ಆತ. ಹ್ಯಾರಿ ಸ್ಟ್ಯಾಂಟನ್ ಹೆಸರಿನ ಇನ್ನೊಬ್ಬ ನಟ ಆಗ ಇದ್ದುದರಿಂದ ಗೊಂದಲ ಬೇಡವೆಂದು ಎಪ್ಪತ್ತರ ದಶಕದ ಆರಂಭದವರೆಗೂ ಇವರು ಡೀನ್ ಸ್ಟ್ಯಾಂಟನ್ ಎಂದೇ ಹೆಸರು ಹಾಕಿಸಿಕೊಂಡರು.

ಅರವತ್ತರ ದಶಕದಲ್ಲಿ ಅವರು ಇನ್ನೂ ಹೆಸರು ಮಾಡದಿದ್ದ ನಟ ಜ್ಯಾಕ್ ನಿಕಲ್ಸನ್ ಅವರ ಆಪ್ತ ಸ್ನೇಹಿತ. 1962ರಲ್ಲಿ ನಡೆದ ನಿಕಲ್ಸನ್ ಮದುವೆಯಲ್ಲಿ ವರನ ಪಕ್ಕ ನಿಂತ ಗೆಳೆಯ ಇವರೇ. ಆಮೇಲೆ ಇಬ್ಬರೂ ಲಾಸ್ ಏಂಜಲಿಸ್‌ನಲ್ಲಿ ಒಂದೇ ಮನೆಯಲ್ಲಿ ವಾಸವಿದ್ದರು. ಮಾಂಟೆ ಹೆಲ್ಮನ್ ನಿರ್ದೇಶನದ 'ರೈಡ್ ಇನ್ ದ ವರ್ಲ್‌ವಿಂಡ್' ಚಿತ್ರಕ್ಕೆ ಚಿತ್ರಕತೆ ಬರೆದ ನಿಕಲ್ಸನ್, ಒಕ್ಕಣ್ಣಿನ ದರೋಡೆಕೋರನ ಪಾತ್ರವನ್ನು ಗೆಳೆಯನಿಗೆ ಕೊಟ್ಟು ಒಂದು ಸೂಚನೆಯನ್ನೂ ಕೊಟ್ಟರು: ಏನೂ ಮಾಡಬೇಡ, ನೀನು ನೀನಾಗಿರು, ನಟನೆಯನ್ನು ವೇಷಭೂಷಣಕ್ಕೆ ಬಿಡು. ತಮ್ಮ ನಟನೆಯ ತಿರುವು ಅದೇ ಎಂದು ಸ್ಟ್ಯಾಂಟನ್ ಮುಂದೆ ಅನೇಕ ಸಂದರ್ಶನಗಳಲ್ಲಿ ನೆನೆದಿದ್ದಾರೆ. ಅದುವರೆಗೆ ಖಳನೆಂದರೆ ಹಲ್ಲು ಕಚ್ಚಿ ಕಣ್ಣು ಕೆಂಪಗೆ ಮಾಡುವವನಾಗಿದ್ದರೆ, ಅಲ್ಲಿಂದ ಮುಂದೆ ಸ್ಟ್ಯಾಂಟನ್ ಮಾಡಿದ ಖಳರು ಬಿಸಿಲಲ್ಲಿ ದಣಿದ ಮಾಮೂಲಿ ಮನುಷ್ಯರಾದರು.

1967ರ 'ಕೂಲ್ ಹ್ಯಾಂಡ್ ಲ್ಯೂಕ್' ಚಿತ್ರದಲ್ಲಿ ಪಾಲ್ ನ್ಯೂಮನ್ ಜೊತೆಗಿರುವ ಸರಪಳಿ ಕೈದಿಗಳ ಪೈಕಿ ಒಬ್ಬನಾಗಿ ಅವರು ಗಿಟಾರು ಹಿಡಿದು ಭಕ್ತಿಗೀತೆ ಹಾಡುತ್ತಾರೆ. ಜೈಲಿನ ಬೇಗೆಯ ನಡುವೆ ಆ ದನಿ ಚಿತ್ರಕ್ಕೆ ಕೊಡುವ ತಂಪನ್ನು ಬೇರಾವ ದೃಶ್ಯವೂ ಕೊಡುವುದಿಲ್ಲ. ಮುಂದಿನ ದಶಕದಲ್ಲಿ ಹಾಲಿವುಡ್‌ನ ಹೊಸ ನಿರ್ದೇಶಕರು ಅವರನ್ನು ಮತ್ತೆ ಮತ್ತೆ ಕರೆದರು. 'ಟೂ-ಲೇನ್ ಬ್ಲ್ಯಾಕ್‌ಟಾಪ್' (1971), 'ಡಿಲಿಂಜರ್' (1973), 'ದ ಗಾಡ್‌ಫಾದರ್' ಎರಡನೆಯ ಭಾಗ (1974), 'ದ ಮಿಸ್ಸೂರಿ ಬ್ರೇಕ್ಸ್' (1976), 'ಸ್ಟ್ರೇಟ್ ಟೈಮ್' (1978) ಈ ಸಾಲಿನವು. ಸ್ಯಾಮ್ ಪೆಕಿನ್‌ಪಾ ಅವರ 'ಪ್ಯಾಟ್ ಗ್ಯಾರೆಟ್ ಅಂಡ್ ಬಿಲ್ಲಿ ದ ಕಿಡ್' (1973) ಚಿತ್ರೀಕರಣಕ್ಕೆ ಮೆಕ್ಸಿಕೋಗೆ ಹೋದಾಗ ಬಾಬ್ ಡಿಲನ್ ಸ್ನೇಹಿತರಾದರು. ಡಿಲನ್ ತಾವೇ ನಿರ್ದೇಶಿಸಿದ 'ರೆನಾಲ್ಡೊ ಅಂಡ್ ಕ್ಲಾರಾ'ದಲ್ಲಿ ಇವರಿಗೂ ಪಾತ್ರವಿತ್ತು. ಜಾನ್ ಹ್ಯೂಸ್ಟನ್ ಅವರ 'ವೈಸ್ ಬ್ಲಡ್' (1979) ಚಿತ್ರದ ಏಸಾ ಹಾಕ್ಸ್ ಈ ದಶಕದ ಅವರ ಅತಿ ಗಟ್ಟಿ ಕೆಲಸ. ಕುರುಡನೆಂದು ಜನರನ್ನು ನಂಬಿಸಿ ಬೀದಿಯಲ್ಲಿ ಭಿಕ್ಷೆ ಎತ್ತುವ ಈ ಬೋಧಕನಲ್ಲಿ ಮೋಸ ಎಷ್ಟಿದೆಯೋ ಸೋತುಹೋದ ನಂಬಿಕೆಯ ನೋವೂ ಅಷ್ಟೇ ಇದೆ.

ಅದೇ ವರ್ಷ ಬಂದ ರಿಡ್ಲಿ ಸ್ಕಾಟ್ ಅವರ 'ಏಲಿಯನ್' ಅವರ ಮುಖವನ್ನು ಜಗತ್ತಿಗೆಲ್ಲ ಪರಿಚಯಿಸಿತು. ತಮಗೆ ವೈಜ್ಞಾನಿಕ ಕಲ್ಪನೆಯ ಚಿತ್ರಗಳೂ ರಾಕ್ಷಸರ ಚಿತ್ರಗಳೂ ಹಿಡಿಸುವುದಿಲ್ಲ ಎಂದು ಸ್ಟ್ಯಾಂಟನ್ ಮೊದಲ ಭೇಟಿಯಲ್ಲೇ ನಿರ್ದೇಶಕರಿಗೆ ಹೇಳಿದ್ದರಂತೆ. ಬಾಹ್ಯಾಕಾಶ ಹಡಗಿನ ಮೆಕ್ಯಾನಿಕ್ ಬ್ರೆಟ್, ತೋರ ಹೂಗಳ ಅಂಗಿ ತೊಟ್ಟು ಟೋಪಿ ಹಾಕಿಕೊಂಡು, ಜೊತೆಗಾರ ಪಾರ್ಕರ್ ಏನಂದರೂ ಒಂದೇ ಪದದಲ್ಲಿ ಹೌದೆನ್ನುವವನು. ಸಂಬಳ ಸಾಲದು ಎಂದು ಗೊಣಗುವ ಈ ಇಬ್ಬರಿಂದಾಗಿ ಆ ಹಡಗು ಕಾರ್ಖಾನೆಯಷ್ಟೇ ಪರಿಚಿತ ಜಾಗವಾಗುತ್ತದೆ. ತಪ್ಪಿಸಿಕೊಂಡ ಬೆಕ್ಕನ್ನು ಹುಡುಕುತ್ತ ಬ್ರೆಟ್ ಸರಪಳಿಗಳು ತೂಗಾಡುವ ಎತ್ತರದ ಕೋಣೆಗೆ ಬರುತ್ತಾನೆ. ಮೇಲಿನಿಂದ ನೀರು ತೊಟ್ಟಿಕ್ಕುತ್ತಿದೆ. ಆತ ಟೋಪಿ ತೆಗೆದು, ಮುಖ ಮೇಲೆತ್ತಿ, ಹನಿಗಳು ಮುಖದ ಮೇಲೆ ಬೀಳಲು ಬಿಡುತ್ತಾನೆ. ದುಡಿದು ಬೆವೆತವನ ಪುಟ್ಟ ಸುಖ ಅದು. ಕತೆಗೆ ಅದರ ಅಗತ್ಯವೇ ಇಲ್ಲ, ಆದರೆ ಮರುಕ್ಷಣ ಎರಗುವ ಸಾವು ನಮಗೆ ತಾಗುವುದು ಆ ಕೆಲವು ಸೆಕೆಂಡುಗಳ ದೆಸೆಯಿಂದಲೇ. ಹಲವು ವರ್ಷಗಳ ನಂತರ 'ದಿ ಅವೆಂಜರ್ಸ್' (2012) ಚಿತ್ರದಲ್ಲಿ ಪಾಳು ಕಟ್ಟಡದ ಕಾವಲುಗಾರನಾಗಿ ಬಂದ ಸ್ಟ್ಯಾಂಟನ್, ಆಕಾಶದಿಂದ ಬಿದ್ದ ಮನುಷ್ಯನನ್ನು ನೀನು 'ಏಲಿಯನ್', ಅಂದರೆ ಅನ್ಯಗ್ರಹದವನೇ ಎಂದು ಕೇಳುತ್ತಾರೆ.

'ಪ್ಯಾರಿಸ್, ಟೆಕ್ಸಸ್' ಹುಟ್ಟಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1983ರಲ್ಲಿ ನ್ಯೂ ಮೆಕ್ಸಿಕೋದ ಸ್ಯಾಂಟಾ ಫೇ ನಗರದ ಒಂದು ಬಾರಿನಲ್ಲಿ ನಾಟಕಕಾರ ಸ್ಯಾಮ್ ಶೆಪರ್ಡ್ ಮತ್ತು ಸ್ಟ್ಯಾಂಟನ್ ಮಾತಿಗೆ ಕುಳಿತರು. ತಮಗೆ ಬರುತ್ತಿರುವ ಪಾತ್ರಗಳು ಸಾಕಾಗಿವೆ, ಸ್ವಲ್ಪ ಸೌಂದರ್ಯ, ಸ್ವಲ್ಪ ಸೂಕ್ಷ್ಮತೆ ಇರುವ ಏನನ್ನಾದರೂ ಮಾಡಬೇಕೆನಿಸಿದೆ ಎಂದು ಸ್ಟ್ಯಾಂಟನ್ ಹೇಳಿಕೊಂಡರು. ಪಾತ್ರ ಕೇಳುವುದು ಅವರ ಉದ್ದೇಶವಾಗಿರಲಿಲ್ಲ. ಶೆಪರ್ಡ್ ಆಗ ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ಅವರಿಗಾಗಿ ಬರೆಯುತ್ತಿದ್ದ ಕತೆಯ ನಾಯಕ ಟ್ರಾವಿಸ್‌ನ ಪಾತ್ರ ಕೆಲವು ದಿನಗಳಲ್ಲೇ ಇವರನ್ನು ಹುಡುಕಿಕೊಂಡು ಬಂತು.

ನಾಲ್ಕು ವರ್ಷ ಎಲ್ಲೋ ಕಳೆದುಹೋಗಿದ್ದ ಟ್ರಾವಿಸ್ ಟೆಕ್ಸಸ್‌ನ ಮರುಭೂಮಿಯಲ್ಲಿ ನಡೆದು ಬರುವುದರಿಂದ ಚಿತ್ರ ಶುರುವಾಗುತ್ತದೆ. ಧೂಳು ಹಿಡಿದ ಸೂಟು, ಕೆಂಪು ಟೋಪಿ, ಕೈಯಲ್ಲಿ ನೀರಿನ ಕ್ಯಾನು. ಮೊದಲ ಇಪ್ಪತ್ತೈದು ನಿಮಿಷ ಅವನು ಬಾಯಿ ಬಿಡುವುದಿಲ್ಲ. ಸುದ್ದಿ ತಿಳಿದು ಲಾಸ್ ಏಂಜಲಿಸ್‌ನಿಂದ ಬಂದ ತಮ್ಮ ವಾಲ್ಟ್ (ಡೀನ್ ಸ್ಟಾಕ್‌ವೆಲ್) ಮಾತಾಡುತ್ತಲೇ ಇರುತ್ತಾನೆ, ಅಣ್ಣ ಸುಮ್ಮನಿರುತ್ತಾನೆ. ಆದರೆ ಆ ಮೌನ ಖಾಲಿಯಾಗಿಲ್ಲ. ತಮ್ಮನ ಒಂದೊಂದು ಮಾತೂ ಒಳಗೆ ಇಳಿಯುತ್ತಿರುವುದು ಕಣ್ಣಿನ ಸುತ್ತ ಕಾಣುತ್ತದೆ. ತಮ್ಮನ ಮನೆಯಲ್ಲಿ ಬೆಳೆಯುತ್ತಿರುವ ತನ್ನ ಮಗ ಹಂಟರ್‌ನ ಮುಂದೆ ಅಪ್ಪನಂತೆ ಕಾಣುವುದು ಹೇಗೆಂದು ತಿಳಿಯದೆ ಆತ ಮನೆಗೆಲಸದಾಕೆಯನ್ನು ಕೇಳುತ್ತಾನೆ. ಅವಳು ಹೇಳಿಕೊಟ್ಟಂತೆ ಸೂಟು ತೊಟ್ಟು, ತಲೆಯೆತ್ತಿ ನಡೆಯುವುದನ್ನು ಕಲಿತು, ಶಾಲೆಯ ಹತ್ತಿರ ಹೋಗುತ್ತಾನೆ. ರಸ್ತೆಯ ಆ ಬದಿ ಮಗ, ಈ ಬದಿ ಅಪ್ಪ. ಒಬ್ಬರ ನಡಿಗೆಯನ್ನು ಇನ್ನೊಬ್ಬರು ಅಣಕಿಸುತ್ತ ಮನೆಯವರೆಗೆ ನಡೆದುಬರುತ್ತಾರೆ. ಇಬ್ಬರ ನಡುವಿನ ಬಿಗುಪು ಸಡಿಲವಾಗುವುದು ಹಾಗೆ, ಒಂದು ಮಾತೂ ಇಲ್ಲದೆ.

ಚಿತ್ರದ ಕೊನೆಯ ಭಾಗದಲ್ಲಿ ಟ್ರಾವಿಸ್ ತನ್ನ ಹೆಂಡತಿ ಜೇನ್‌ಳನ್ನು (ನಸ್ತಾಸ್ಯಾ ಕಿನ್ಸ್ಕಿ) ಹ್ಯೂಸ್ಟನ್ ನಗರದಲ್ಲಿ ಪತ್ತೆ ಹಚ್ಚುತ್ತಾನೆ. ದುಡ್ಡು ಕೊಟ್ಟವರಿಗೆ ಗಾಜಿನ ಆಚೆಯಿಂದ ಹೆಣ್ಣನ್ನು ನೋಡಲು ಬಿಡುವ ಜಾಗದಲ್ಲಿ ಅವಳ ಕೆಲಸ. ಅವನಿಗೆ ಅವಳು ಕಾಣುತ್ತಾಳೆ; ಅವಳಿಗೆ ಕಾಣುವುದು ಕನ್ನಡಿ ಮಾತ್ರ. ಮಾತು ಫೋನಿನಲ್ಲಿ. ಎರಡನೆಯ ಸಲ ಹೋದಾಗ ಟ್ರಾವಿಸ್ ಕುರ್ಚಿಯನ್ನು ತಿರುಗಿಸಿ, ಗಾಜಿಗೆ ಬೆನ್ನು ಹಾಕಿ ಕುಳಿತು, ತಾನು ಬಲ್ಲ ಇಬ್ಬರ ಕತೆಯೆಂದು ತಮ್ಮದೇ ಕತೆ ಹೇಳತೊಡಗುತ್ತಾನೆ: ಪ್ರೀತಿ, ಅನುಮಾನ, ಕುಡಿತ, ಕ್ರೌರ್ಯ, ಬೆಂಕಿ. ಈ ದೀರ್ಘ ಸಂಭಾಷಣೆ ಚಿತ್ರೀಕರಣ ನಡೆದಿರುವಾಗ ಇನ್ನೂ ಸಿದ್ಧವಿರಲಿಲ್ಲ. ಬೇರೊಂದು ಚಿತ್ರದಲ್ಲಿ ನಟಿಸುತ್ತಿದ್ದ ಶೆಪರ್ಡ್ ಅದನ್ನು ದೂರವಾಣಿಯಲ್ಲಿ ಹೇಳಿ ಬರೆಸಿದರು. ಸ್ಟ್ಯಾಂಟನ್ ದನಿ ಏರಿಸುವುದಿಲ್ಲ, ಅಳುವುದಿಲ್ಲ. ಸಾಕ್ಷಿ ಹೇಳಲು ನಿಂತವನಂತೆ ಒಂದೊಂದೇ ವಾಕ್ಯವನ್ನು ಮುಂದಿಡುತ್ತಾರೆ. ಕೇಳುತ್ತ ಕೇಳುತ್ತ ಗಾಜಿನ ಆಚೆಯವಳಿಗೆ ಇದು ಯಾರೆಂದು ಹೊಳೆಯುತ್ತದೆ. ಅಮೆರಿಕದ ಚಿತ್ರಗಳಲ್ಲಿ ಗಂಡೊಬ್ಬ ತನ್ನ ತಪ್ಪನ್ನು ನೆಪ ಹೇಳದೆ ಒಪ್ಪಿಕೊಳ್ಳುವ ದೃಶ್ಯಗಳಲ್ಲಿ ಇದರ ಸಮಕ್ಕೆ ನಿಲ್ಲುವಂಥದ್ದು ಅಪರೂಪ. ಚಿತ್ರಕ್ಕೆ 1984ರ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ದೊರೆಯಿತು. ರಾಬಿ ಮ್ಯೂಲರ್ ಅವರ ಛಾಯಾಗ್ರಹಣ, ರೈ ಕೂಡರ್ ಅವರ ಗಿಟಾರು ಇಂದಿಗೂ ಮಾತಿನಲ್ಲಿವೆ. ಚಿತ್ರದ ಧ್ವನಿಮುದ್ರಿಕೆಯಲ್ಲಿರುವ ಸ್ಪ್ಯಾನಿಷ್ ಗೀತೆ 'ಕಾನ್ಸಿಯೊನ್ ಮಿಸ್ತೇಕಾ' ಹಾಡಿದವರು ಸ್ಟ್ಯಾಂಟನ್.

ಇಷ್ಟಾದ ಮೇಲೂ ಅವರು ನಾಯಕನಟರಾಗಿ ಮುಂದುವರಿಯಲಿಲ್ಲ. ಅಂಥ ಪಾತ್ರಗಳ ಹಿಂದೆ ಬೀಳಲೂ ಇಲ್ಲ. ಅದೇ 1984ರಲ್ಲಿ ಅಲೆಕ್ಸ್ ಕಾಕ್ಸ್ ಅವರ 'ರೆಪೊ ಮ್ಯಾನ್' ಚಿತ್ರದಲ್ಲಿ, ಕಂತು ಕಟ್ಟದವರ ಕಾರುಗಳನ್ನು ಎತ್ತಿಕೊಂಡು ಹೋಗುವ ಬಡ್ ಆಗಿ ಬಂದು, ಎಳೆಯ ಎಮಿಲಿಯೊ ಎಸ್ಟೆವೆಜ್‌ಗೆ ಕಸುಬಿನ ಧರ್ಮಸೂತ್ರಗಳನ್ನು ಬೋಧಿಸಿದರು. 'ಪ್ರಿಟಿ ಇನ್ ಪಿಂಕ್' (1986) ಚಿತ್ರದಲ್ಲಿ ಹೆಂಡತಿ ಬಿಟ್ಟುಹೋದ ದುಃಖದಿಂದ ಮೇಲೇಳಲಾಗದ ತಂದೆ. ಮಾರ್ಟಿನ್ ಸ್ಕೋರ್ಸೆಸಿ ಅವರ 'ದ ಲಾಸ್ಟ್ ಟೆಂಪ್ಟೇಶನ್ ಆಫ್ ಕ್ರೈಸ್ಟ್' (1988) ಚಿತ್ರದಲ್ಲಿ ಸಂತ ಪೌಲ. 'ದ ಗ್ರೀನ್ ಮೈಲ್' (1999) ಚಿತ್ರದಲ್ಲಿ ಮರಣದಂಡನೆಯ ತಾಲೀಮಿಗೆ ಕೈದಿಯ ಜಾಗದಲ್ಲಿ ಕುಳಿತು ನಗಿಸುವ ಮುದುಕ. ಈ ಅವಧಿಯ ಚಿತ್ರಗಳೆಲ್ಲ ಒಳ್ಳೆಯವಲ್ಲ. ಆದರೆ ವಿಮರ್ಶಕ ರಾಜರ್ ಈಬರ್ಟ್ ಮಾಡಿದ ಒಂದು ನಿಯಮ ಹೆಸರಾಗಿದೆ: ಸ್ಟ್ಯಾಂಟನ್ ಅಥವಾ ಎಂ. ಎಮೆಟ್ ವಾಲ್ಶ್, ಈ ಇಬ್ಬರಲ್ಲಿ ಒಬ್ಬರು ಪೋಷಕ ಪಾತ್ರದಲ್ಲಿರುವ ಯಾವ ಚಿತ್ರವೂ ಪೂರ್ತಿ ಕೆಟ್ಟದಾಗಿರಲು ಸಾಧ್ಯವಿಲ್ಲ. 'ಡ್ರೀಮ್ ಎ ಲಿಟ್ಲ್ ಡ್ರೀಮ್' (1989) ನೋಡಿದ ಮೇಲೆ ನಿಯಮ ಮುರಿಯಿತೆಂದು ಈಬರ್ಟ್ ಅವರೇ ಒಪ್ಪಿಕೊಳ್ಳಬೇಕಾಯಿತು.

ನಿರ್ದೇಶಕ ಡೇವಿಡ್ ಲಿಂಚ್ ಜೊತೆಗಿನ ಒಡನಾಟ ಬೇರೆಯೇ ತೂಕದ್ದು. 'ವೈಲ್ಡ್ ಅಟ್ ಹಾರ್ಟ್' (1990), 'ಟ್ವಿನ್ ಪೀಕ್ಸ್: ಫೈರ್ ವಾಕ್ ವಿತ್ ಮಿ' (1992), 'ಇನ್‌ಲ್ಯಾಂಡ್ ಎಂಪೈರ್' (2006) ಇವೆಲ್ಲದರಲ್ಲೂ ಸ್ಟ್ಯಾಂಟನ್ ಇದ್ದಾರೆ. 'ದ ಸ್ಟ್ರೇಟ್ ಸ್ಟೋರಿ' (1999) ನಿಜವಾಗಿ ನಡೆದ ಸಂಗತಿಯನ್ನು ಆಧರಿಸಿದ್ದು. ಮುನಿಸಿಕೊಂಡು ಮಾತು ಬಿಟ್ಟಿದ್ದ ಅಣ್ಣನಿಗೆ ಪಾರ್ಶ್ವವಾಯು ಬಡಿದಿದೆಯೆಂದು ಕೇಳಿ, ವೃದ್ಧ ಆಲ್ವಿನ್ ಸ್ಟ್ರೇಟ್ (ರಿಚರ್ಡ್ ಫಾರ್ನ್ಸ್‌ವರ್ತ್) ಹುಲ್ಲು ಕತ್ತರಿಸುವ ಯಂತ್ರವನ್ನೇ ವಾಹನ ಮಾಡಿಕೊಂಡು ಅಯೋವಾದಿಂದ ವಿಸ್ಕಾನ್ಸಿನ್‌ಗೆ 240 ಮೈಲಿ ಬರುತ್ತಾನೆ. ಅಣ್ಣ ಲೈಲ್ ಕಾಣಿಸುವುದು ಕೊನೆಯ ದೃಶ್ಯದಲ್ಲಿ ಮಾತ್ರ. ಊರುಗೋಲಿನ ಚೌಕಟ್ಟು ಹಿಡಿದು ಹೊರಬರುತ್ತಾನೆ, ತಮ್ಮನನ್ನು ಕೂರಲು ಹೇಳುತ್ತಾನೆ, ಅಂಗಳದಲ್ಲಿ ನಿಂತ ಯಂತ್ರವನ್ನು ನೋಡುತ್ತಾನೆ. ಇದರ ಮೇಲೆ ಅಷ್ಟು ದೂರ ನನ್ನನ್ನು ನೋಡಲು ಬಂದೆಯಾ ಎಂದು ಕೇಳುವಷ್ಟರಲ್ಲಿ ಕಣ್ಣು ತುಂಬಿದೆ. ಇರುವುದು ಬೆರಳೆಣಿಕೆಯ ಮಾತು. ಇಡೀ ಚಿತ್ರ ಕಾದದ್ದು ಆ ಮುಖಕ್ಕಾಗಿ ಎಂದು ನೋಡುವವರಿಗೆ ಅನ್ನಿಸದಿದ್ದರೆ ಎರಡು ಗಂಟೆಯ ಪಯಣ ವ್ಯರ್ಥವಾಗುತ್ತಿತ್ತು. ಅಷ್ಟು ಭಾರವನ್ನು ಲಿಂಚ್, ಸ್ಟ್ಯಾಂಟನ್ ಅವರ ಹೆಗಲಿಗೆ ಹೊರಿಸಿದ್ದರು.

ಕಿರುತೆರೆಯಲ್ಲಿ 2006ರಲ್ಲಿ ಶುರುವಾದ 'ಬಿಗ್ ಲವ್' ಅವರಿಗೆ ಹೊಸ ತಲೆಮಾರಿನ ಪ್ರೇಕ್ಷಕರನ್ನು ಕೊಟ್ಟಿತು. ಬಹುಪತ್ನಿತ್ವದ ಪಂಥವೊಂದರ ಸ್ವಘೋಷಿತ ಪ್ರವಾದಿ ರೋಮನ್ ಗ್ರಾಂಟ್ ಆಗಿ ಅವರು ತೋರಿದ ಕೇಡು ಮೆತ್ತಗಿನದು, ನಯವಾದದ್ದು. ಅದಕ್ಕೇ ಹೆಚ್ಚು ಭಯ ಹುಟ್ಟಿಸುವಂಥದ್ದು.

ಸ್ಟ್ಯಾಂಟನ್ ಮದುವೆಯಾಗಲಿಲ್ಲ. ಲಾಸ್ ಏಂಜಲಿಸ್‌ನ ಮುಲ್ಹಾಲೆಂಡ್ ಡ್ರೈವ್‌ನಲ್ಲಿ ಬಹುಕಾಲ ಒಬ್ಬರೇ ಇದ್ದರು. ಬೌದ್ಧ ಮತ್ತು ತಾವೋ ಚಿಂತನೆಯನ್ನು, ಅಲನ್ ವಾಟ್ಸ್ ಅವರ ಬರಹಗಳನ್ನು ಓದಿಕೊಂಡಿದ್ದರು. ದೇವರು, ವಿಧಿ, ಆತ್ಮ ಇವುಗಳ ಬಗ್ಗೆ ಕೇಳಿದರೆ ಎಲ್ಲವೂ ಶೂನ್ಯ, ಯಾರ ಕೈಯಲ್ಲೂ ಏನೂ ಇಲ್ಲ ಎಂಬರ್ಥದ ಉತ್ತರ ಕೊಡುತ್ತಿದ್ದರು. ತಮ್ಮದೇ ತಂಡ ಕಟ್ಟಿಕೊಂಡು ನಗರದ ಕ್ಲಬ್ಬುಗಳಲ್ಲಿ ಹಳ್ಳಿಗಾಡಿನ ಹಾಡು, ಮೆಕ್ಸಿಕನ್ ಹಾಡುಗಳನ್ನು ಹಾಡುತ್ತಿದ್ದರು, ಹಾರ್ಮೋನಿಕಾ ನುಡಿಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಸೋಫಿ ಹ್ಯೂಬರ್ ನಿರ್ದೇಶಿಸಿದ ಸಾಕ್ಷ್ಯಚಿತ್ರ 'ಹ್ಯಾರಿ ಡೀನ್ ಸ್ಟ್ಯಾಂಟನ್: ಪಾರ್ಟ್ಲಿ ಫಿಕ್ಷನ್' (2012) ಅವರನ್ನು ಹಾಡುಗಳ ಮೂಲಕವೇ ಹಿಡಿಯಲು ನೋಡುತ್ತದೆ. ಪ್ರಶ್ನೆಗಳಿಗೆ ಒಂದೆರಡು ಪದದಲ್ಲಿ ಉತ್ತರಿಸಿ ಸುಮ್ಮನಾಗುವ ಮನುಷ್ಯ ಹಾಡಿಗೆ ಬಾಯಿ ತೆರೆದರೆ ಏನನ್ನೂ ಬಚ್ಚಿಡುವುದಿಲ್ಲ. ಹ್ಯೂಬರ್ ಅದನ್ನು ಸರಿಯಾಗಿ ಗುರುತಿಸಿದ್ದಾರೆ.

2017 ಅವರ ಕೊನೆಯ ವರ್ಷ, ಕಲಾವಿದರಾಗಿ ತುಂಬು ವರ್ಷವೂ ಹೌದು. ಲಿಂಚ್ ಅವರ ಹೊಸ 'ಟ್ವಿನ್ ಪೀಕ್ಸ್' ಸರಣಿಯಲ್ಲಿ ಟ್ರೇಲರ್ ಮನೆಗಳ ಮಾಲೀಕ ಕಾರ್ಲ್ ರಾಡ್ ಆಗಿ ಮರಳಿದರು. ಒಂದು ಕಂತಿನಲ್ಲಿ ಅವನ ಕಣ್ಣೆದುರೇ ಲಾರಿ ಬಡಿದು ಮಗುವೊಂದು ಸಾಯುತ್ತದೆ. ಸುತ್ತಲಿನವರು ದೂರ ನಿಂತು ನೋಡುತ್ತಿರುವಾಗ ಕಾರ್ಲ್ ನಿಧಾನವಾಗಿ ರಸ್ತೆಗಿಳಿದು ಹೋಗಿ, ಮಗುವನ್ನು ಅಪ್ಪಿಕೊಂಡ ತಾಯಿಯ ಪಕ್ಕ ಮಂಡಿಯೂರಿ, ಅವಳ ಮೇಲೆ ಕೈಯಿಟ್ಟು ಮುಖ ನೋಡುತ್ತಾನೆ. ಸಮಾಧಾನದ ಮಾತೊಂದನ್ನೂ ಆಡುವುದಿಲ್ಲ.

'ಲಕ್ಕಿ' ಚಿತ್ರವನ್ನು ಬರೆದವರು ಅವರ ಬಳಿಯೇ ಇದ್ದ ಲೋಗನ್ ಸ್ಪಾರ್ಕ್ಸ್ ಮತ್ತು ಡ್ರಾಗೊ ಸುಮೋನ್ಯಾ. ನಿರ್ದೇಶಿಸಿದವರು ತಾವೂ ಪೋಷಕ ನಟರೇ ಆದ ಜಾನ್ ಕ್ಯಾರಲ್ ಲಿಂಚ್. ಡೇವಿಡ್ ಲಿಂಚ್ ಅವರಿಗೂ ಇವರಿಗೂ ನೆಂಟಸ್ತಿಕೆಯಿಲ್ಲ. ಮರುಭೂಮಿಯ ಊರಿನಲ್ಲಿ ಒಂಟಿಯಾಗಿರುವ ತೊಂಬತ್ತರ ನಾಸ್ತಿಕ ಲಕ್ಕಿ, ಬೆಳಗ್ಗೆ ಒಳಉಡುಪಿನಲ್ಲೇ ಯೋಗಾಸನ ಮಾಡುತ್ತಾನೆ, ಹಾಲು ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ, ಪದಬಂಧ ಬಿಡಿಸುತ್ತಾನೆ. ಒಂದು ದಿನ ಕುಸಿದು ಬೀಳುತ್ತಾನೆ. ರೋಗ ಏನೂ ಇಲ್ಲ, ವಯಸ್ಸಾಗಿದೆ ಅಷ್ಟೇ ಎನ್ನುತ್ತಾರೆ ವೈದ್ಯರು. ಅಲ್ಲಿಂದ ಸಾವಿನ ಹೆದರಿಕೆ ಅವನ ಜೊತೆ ನಡೆಯತೊಡಗುತ್ತದೆ. ಡೇವಿಡ್ ಲಿಂಚ್ ಇಲ್ಲಿ ನಟರಾಗಿ, ಸಾಕಿದ ಆಮೆ ತಪ್ಪಿಸಿಕೊಂಡಿತೆಂದು ಕೊರಗುವ ಗೆಳೆಯನಾಗಿ ಬಂದಿದ್ದಾರೆ. ಲಕ್ಕಿ ಯುದ್ಧಕಾಲದಲ್ಲಿ ನೌಕಾಪಡೆಯ ಹಡಗಿನ ಅಡುಗೆಯವನಾಗಿದ್ದವನು, ಸ್ಟ್ಯಾಂಟನ್ ಅವರಂತೆಯೇ. ಅವನ ಎದುರು ಕುಳಿತು ಯುದ್ಧದ ನೆನಪು ತೆಗೆಯುವ ಹಳೆಯ ಯೋಧ 'ಏಲಿಯನ್' ಚಿತ್ರದ ಸಹನಟ ಟಾಮ್ ಸ್ಕೆರಿಟ್. ಆ ದೃಶ್ಯದಲ್ಲಿ ಸ್ಟ್ಯಾಂಟನ್ ಮಾಡುವುದು ಬಹುಮಟ್ಟಿಗೆ ಕೇಳಿಸಿಕೊಳ್ಳುವುದನ್ನೇ. ಇನ್ನೊಂದೆಡೆ, ಮೆಕ್ಸಿಕನ್ ಹುಡುಗನೊಬ್ಬನ ಹುಟ್ಟುಹಬ್ಬಕ್ಕೆ ಹೋದ ಲಕ್ಕಿ ಯಾರೂ ಕೇಳದೆಯೇ 'ವೊಲ್ವೆರ್, ವೊಲ್ವೆರ್' ಎಂಬ ಸ್ಪ್ಯಾನಿಷ್ ಹಾಡನ್ನು ತೊಡಗುತ್ತಾನೆ. ದನಿ ಮೊದಲು ಕಂಪಿಸುತ್ತದೆ, ಆಮೇಲೆ ನೆಲೆ ಕಂಡುಕೊಳ್ಳುತ್ತದೆ, ವಾದ್ಯದವರು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಇಡೀ ಚಿತ್ರ ಸಾವಿನ ಬಗ್ಗೆ ಆಡಿದ ಮಾತುಗಳಿಗಿಂತ ಈ ಹಾಡು ಹೆಚ್ಚು ಹೇಳುತ್ತದೆ.

ಸ್ಟ್ಯಾಂಟನ್ 2017ರ ಸೆಪ್ಟೆಂಬರ್ 15ರಂದು ಲಾಸ್ ಏಂಜಲಿಸ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ 91 ವರ್ಷ. 'ಲಕ್ಕಿ' ಅಮೆರಿಕದ ಚಿತ್ರಮಂದಿರಗಳಿಗೆ ಬಂದದ್ದು ಎರಡು ವಾರಗಳ ನಂತರ. ಲೆಕ್ಸಿಂಗ್ಟನ್ ನಗರದಲ್ಲಿ 2011ರಿಂದ ಅವರ ಹೆಸರಿನಲ್ಲಿ ಚಿತ್ರೋತ್ಸವ ನಡೆಯುತ್ತ ಬಂದಿದೆ.

ಆಸ್ಕರ್ ಪ್ರಶಸ್ತಿಗೆ ಅವರ ಹೆಸರು ಒಮ್ಮೆಯೂ ಸೂಚಿತವಾಗಲಿಲ್ಲ, 'ಪ್ಯಾರಿಸ್, ಟೆಕ್ಸಸ್' ಬಂದ ವರ್ಷದಲ್ಲೂ ಇಲ್ಲ. ಇದು ಆ ಪ್ರಶಸ್ತಿಯ ದೊಡ್ಡ ಲೋಪಗಳಲ್ಲೊಂದು. ಅವರ ಕೆಲಸವನ್ನು ಹೊಸದಾಗಿ ನೋಡಬಯಸುವವರು 'ಪ್ಯಾರಿಸ್, ಟೆಕ್ಸಸ್' ಮತ್ತು 'ಲಕ್ಕಿ'ಗಳಿಗೇ ನಿಲ್ಲಬಾರದು. 'ವೈಸ್ ಬ್ಲಡ್', 'ಸ್ಟ್ರೇಟ್ ಟೈಮ್', 'ದ ಸ್ಟ್ರೇಟ್ ಸ್ಟೋರಿ' ಈ ಮೂರನ್ನೂ ನೋಡಬೇಕು. ಅವರು ನಿಜವಾಗಿ ಬಾಳಿದ್ದು ಇಂಥ ಸಣ್ಣ ಪಾತ್ರಗಳಲ್ಲಿ.